ಭಾವ ತಂದ ಹುಂಜ

ಆ ವರ್ಷದ ವಿಭೂತಿ ಬುಧವಾರ, ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿದ ಹತ್ತು ನಿಮಿಷದೊಳಗೆ, ಕಂಪಾಲಾದ ವಿಶ್ವವಿದ್ಯಾಲಯವೊಂದರಲ್ಲಿ ಮೂರನೆಯ ವರ್ಷದ ಕಾನೂನು ಓದುತ್ತಿದ್ದ ಪೊನ್ಸಿಯಾನೊ ಸೆಮಂಡಾ ಎಂಬಾತ ಈಸ್ಟರ್ ಬರುವವರೆಗೆ ಮಾಂಸ ಮುಟ್ಟುವುದಿಲ್ಲವೆಂದು ತೀರ್ಮಾನಿಸಿದ. ಈ ಮಹತ್ವದ ಸುದ್ದಿ ರೋಮಿಗೆ ಮುಟ್ಟಿತೋ ಇಲ್ಲವೋ ತಿಳಿಯದು. ನಮ್ಮ ಹಾಸ್ಟೆಲಿನ ಮೂರೂ ಮಹಡಿಗಳಿಗೆ ಸಂಜೆಯೊಳಗೆ ಮುಟ್ಟಿತ್ತು. ಮುಟ್ಟಿಸಿದವನು ನಾನು. ಪೊನ್ಸಿಯಾನೊ ಎಂಬಾತನೂ ನಾನೇ.

ಕ್ಯಾಂಪಸ್ಸಿನ ಚರ್ಚಿನ ಅಂಗಳದಲ್ಲಿ ಪ್ರತಿವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ, ಮರದ ದೊಡ್ಡ ಶಿಲುಬೆಯೊಂದನ್ನು ನಿಲ್ಲಿಸುತ್ತಿದ್ದರು. ಹಣೆಯ ಮೇಲಿನ ಬೂದಿ ಉದುರುವ ಮುಂಚೆ ನಾವು ಒಂದೊಂದು ಚೀಟಿಯಲ್ಲಿ ಏನು ಬಿಡುತ್ತೇವೆಂದು ಬರೆದು, ಸಣ್ಣ ಮೊಳೆಯಿಂದ ಅದಕ್ಕೆ ಹೊಡೆಯಬೇಕು. ಉಳಿದವರು 'ಸಕ್ಕರೆ', 'ಚಾಡಿ', 'ಬೆಳಿಗ್ಗೆ ತಡವಾಗಿ ಏಳುವುದು' ಎಂದು ಹೆಸರಿಲ್ಲದೆ ಗೀಚಿ ಹೋದರು. ನಾನು ತಾರೀಖು ಹಾಕಿದೆ. 'ಕೋಳಿ, ದನ, ಮೇಕೆ, ಹಂದಿ ಮತ್ತು ಇತರೆ' ಎಂದು ವಿವರಿಸಿದೆ. 'ಭಾನುವಾರಗಳೂ ಸೇರಿದಂತೆ' ಎಂದು ಸೇರಿಸಿ ಪೂರ್ತಿ ಸಹಿ ಮಾಡಿದೆ. ಉಪವಾಸವನ್ನು ಪಕ್ಕದವರಿಗೆ ತಿಳಿಯದಂತೆ ಮಾಡಿರೆಂದು ಆ ದಿನದ ಬೈಬಲ್ ವಾಚನ ಹೇಳುತ್ತದೆ. ಅದನ್ನು ನಾನು ಮೂರನೆಯ ಬೆಂಚಿನಲ್ಲಿ ಕೂತು ಗಮನವಿಟ್ಟು ಕೇಳಿದ್ದೆ. ಓದಿದ ಹುಡುಗಿಯ ಉಚ್ಚಾರ ಚೆನ್ನಾಗಿದೆ ಎಂದೂ ಅಂದುಕೊಂಡಿದ್ದೆ.

ನನ್ನ ಪರವಾಗಿ ಒಂದು ಮಾತು ಹೇಳಬಹುದು. ಮೊದಲನೆಯ ವರ್ಷ ನಾನು ಚಾಕೊಲೇಟ್ ಬಿಟ್ಟಿದ್ದೆ. ಅಲ್ಲಿಯವರೆಗಿನ ಆಯುಸ್ಸಿನಲ್ಲಿ ನಾಲ್ಕೋ ಐದೋ ತಿಂದಿದ್ದೆನೇನೋ. ಎರಡನೆಯ ವರ್ಷ ಬಿಯರ್ ಬಿಟ್ಟಿದ್ದೆ. ಟೈಫಾಯ್ಡ್ ಬಂದು ಡಾಕ್ಟರು ಅದನ್ನು ಮೊದಲೇ ಬಿಡಿಸಿದ್ದರು. ಈ ಸಲವಾದರೂ ಅರ್ಥವಿರುವ ತಪಸ್ಸು ಮಾಡಬೇಕೆಂಬ ಆಸೆ ನಿಜವಾಗಿಯೂ ಇತ್ತು. ಅದರ ಮೇಲೆ ಏನೇನು ಬಂದು ಕೂತಿತೆಂಬುದು ಬೇರೆ ಮಾತು.

ನನ್ನ ಕೋಣೆಯ ಜೊತೆಗಾರ ಸ್ವಾಯಿಬು. ಅವನ ರಂಜಾನ್ ಇನ್ನೂ ದೂರವಿತ್ತು. ಅವನು ಮಂಚದ ಮೇಲೆ ಕೂತು, ಚಪಾತಿಯಲ್ಲಿ ಸುತ್ತಿದ ಮೊಟ್ಟೆ ತಿನ್ನುತ್ತ ವಿಚಾರಣೆ ನಡೆಸಿದ.

"ನಿಮ್ಮ ದೇವರು ಭಾನುವಾರ ರಜೆ ಕೊಟ್ಟಿದ್ದಾನಲ್ವೇನೋ?"

"ಕೊಟ್ಟಿದ್ದಾನೆ. ನಾನು ತಗೊಳಲ್ಲ."

"ಅಂದ್ರೆ ಅವನಿಗಿಂತ ಒಂದು ಕೈ ಮೇಲೆ ನೀನು."

"ನಿನಗೆ ಅರ್ಥ ಆಗಲ್ಲ ಬಿಡು."

"ನಮಗೆ ಸಾಯಂಕಾಲ ಆಗೋದೇ ತಡ, ತಿಂತೀವಪ್ಪ. ನಿನ್ನ ಹತ್ರ ಸೂರ್ಯನೇ ಮುಳುಗಲ್ಲ."

ಮೂರು ವಾರ ನಾನು ಮೆಕ್ಕೆಜೋಳದ ಹಿಟ್ಟಿನ ಪೋಶೊ ಮುದ್ದೆ ಮತ್ತು ಬೀನ್ಸ್ ತಿಂದೆ. ಕ್ಯಾಂಟೀನಿನ ಹೆಂಗಸು ಸೌಟು ಎತ್ತುವ ಮೊದಲೇ "ಮಾಂಸದ ಸಾರು ಬೇಡಮ್ಮ, ತಪಸ್ಸು" ಎಂದು ನನ್ನ ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳುತ್ತಿದ್ದೆ. ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ಮಂಡಿಯೂರುವಾಗ ಹೊಟ್ಟೆ ಗುರ್ ಎಂದರೆ ಸಂತೋಷವಾಗುತ್ತಿತ್ತು. ಪಕ್ಕದವರು ತಿರುಗಿ ನೋಡಿದರೆ ಇನ್ನೂ ಸಂತೋಷ.

ಆಗ ಅಕ್ಕನ ಫೋನು ಬಂತು.

ರೆಸ್ತಿತುತಾ, ನಮ್ಮ ರೆಸ್ತಿ, ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ನನ್ನನ್ನು ಸಾಕಿದವಳು. ಎಂಪಿಗಿ ಪೇಟೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಗೊಮೆಸಿ ಹೊಲಿಯುತ್ತಾಳೆ. ಭುಜದ ಮೇಲೆ ಚೂಪಾಗಿ ಎದ್ದು ನಿಲ್ಲುವ, ಸೊಂಟಕ್ಕೆ ಅಗಲದ ಪಟ್ಟಿ ಕಟ್ಟುವ ಆ ಉಡುಪು ಇಲ್ಲದೆ ನಮ್ಮಲ್ಲಿ ಯಾವ ಹುಡುಗಿಯೂ ಗಂಡಿನ ಕಡೆಯವರ ಎದುರು ಬರುವುದಿಲ್ಲ. ಹದಿನೈದು ವರ್ಷ ಊರಿನ ಹುಡುಗಿಯರಿಗೆಲ್ಲ ಹೊಲಿದಿದ್ದಳು. ಮೂವತ್ತೆರಡನೆಯ ವಯಸ್ಸಿನಲ್ಲಿ ತನಗೆಂದು ಹೊಲಿದುಕೊಳ್ಳುವ ಕಾಲ ಬಂದಿತ್ತು.

ಹುಡುಗನ ಹೆಸರು ವಿಯಾನಿ ಕಟೆಂಡೆ. ಗಡಿಯಾಚೆಯ ಜೂಬಾಗೆ ಲಾರಿ ಓಡಿಸುತ್ತಿದ್ದ. ಕ್ರಿಸ್‌ಮಸ್ಸಿಗೆ ಮನೆಗೆ ಬಂದಾಗ ನನ್ನ ಪಕ್ಕ ಕೂತು, "ಕಾನೂನು ಅಂದ್ರೆ ದಾರೀಲಿ ಪೊಲೀಸರು ಕೈ ಅಡ್ಡ ಹಾಕಿದಾಗ ಏನು ಹೇಳ್ಬೇಕು ಅಂತ ಕಲಿಸ್ತಾರಾ?" ಎಂದು ಕೇಳಿದ. ನಾನು ನಕ್ಕೆ. ಅವನೂ ನಕ್ಕ. ಇಬ್ಬರೂ ಒಂದೇ ವಿಷಯಕ್ಕೆ ನಗುತ್ತಿಲ್ಲವೆಂದು ಅವನಿಗೆ ಗೊತ್ತಾಗಲಿಲ್ಲ ಎಂದು ನಾನು ತಿಳಿದೆ.

ತಪಸ್ಸುಕಾಲದಲ್ಲಿ ಇಂಥ ಕಾರ್ಯ ಇಟ್ಟುಕೊಳ್ಳುವುದು ಯಾರಿಗೂ ಇಷ್ಟವಿರಲಿಲ್ಲ. ಆದರೆ ವಿಯಾನಿಗೆ ರಜೆ ಸಿಕ್ಕಿದ್ದು ಆಗಲೇ. ಚರ್ಚಿನ ಮದುವೆ ಆಮೇಲೆ. ಮೊದಲು ಗಂಡಿನ ಕಡೆಯವರು ನಮ್ಮ ಮನೆಗೆ ಬಂದು ಹೆಣ್ಣು ಕೇಳುವ ಶಾಸ್ತ್ರ, ತಪಸ್ಸುಕಾಲದ ನಾಲ್ಕನೆಯ ಶನಿವಾರ ಎಂದು ನಿಶ್ಚಯವಾಯಿತು. ಅಂದು ಅವರು ತರುವ ಬುಟ್ಟಿಗಳಲ್ಲಿ ಒಂದು ಜೀವಂತ ಹುಂಜ ಇರುತ್ತದೆ. ಅದು ಹುಡುಗಿಯ ಅಣ್ಣನಿಗೋ ತಮ್ಮನಿಗೋ ಸೇರಿದ್ದು. ಅವನು ಅದನ್ನು ಕೈಗೆ ತೆಗೆದುಕೊಂಡು, ಬೇಯಿಸಿದ್ದನ್ನು ತಿಂದರೆ ಹೆಣ್ಣು ಕೊಟ್ಟಂತೆ. ತಿನ್ನುವ ತನಕ ಉಳಿದದ್ದೆಲ್ಲ ಬರೀ ಮಾತು. ರೆಸ್ತಿಗೆ ಇದ್ದ ಒಬ್ಬನೇ ತಮ್ಮ ನಾನು.

"ಪೊನ್ಸಿ, ನೀನೇನೋ ಮಾಂಸ ಬಿಟ್ಟಿದ್ದೀಯಂತೆ," ಎಂದಳು ಅಕ್ಕ. "ಸ್ವಾಯಿಬು ಹೇಳ್ದ. ಹುಂಜ ತಿಂತೀಯಲ್ಲಪ್ಪ?"

"ಫಾದರ್‌ನ ಕೇಳ್ತೀನಿ ಅಕ್ಕ."

"ಕೇಳು ಮಗನೇ, ಕೇಳು. ದೇವರ ವಿಷಯ."

ಫಾದರ್ ಮುಗಾಗ್ಗಾ ನಮ್ಮ ಕ್ಯಾಂಪಸ್ಸಿನ ಗುರುಗಳು. ದಪ್ಪ ಮನುಷ್ಯ, ಮಾತು ಸಣ್ಣದು. ಚರ್ಚಿನ ಹಿಂದೆ ಬಾಳೆಗಿಡಗಳಿಗೆ ನೀರು ಬಿಡುತ್ತಿದ್ದರು. ನಾನು ವಿಷಯವನ್ನು ಹರಕೆ, ಹರಕೆಯ ವ್ಯಾಪ್ತಿ, ವಿನಾಯಿತಿ ಎಂದು ಮೂರು ಭಾಗ ಮಾಡಿ ಮಂಡಿಸಿದೆ. ಅವರು ಪೈಪನ್ನು ಇನ್ನೊಂದು ಗಿಡದ ಬುಡಕ್ಕೆ ತಿರುಗಿಸಿದರು.

"ಯಾವ ವಾರ?"

"ಶನಿವಾರ, ಫಾದರ್."

"ಶನಿವಾರ ಮಾಂಸ ತಿನ್ಬೇಡ ಅಂತ ಯಾರು ಹೇಳಿದ್ರು?"

"ನಾನೇ ಹೇಳ್ಕೊಂಡಿದ್ದೀನಿ."

"ಹಾಗಾದ್ರೆ ನೀನೇ ಬಿಡಿಸ್ಕೊ. ತಿನ್ನು ಹೋಗು. ನನಗೂ ಒಂದು ಕಾಲು ಎತ್ತಿಡು."

ಇದಕ್ಕಿಂತ ಸ್ಪಷ್ಟವಾದ ತೀರ್ಪನ್ನು ಆಮೇಲೆ ಇಪ್ಪತ್ತು ವರ್ಷ ಕೋರ್ಟುಗಳಲ್ಲಿ ಓಡಾಡಿದರೂ ಕೇಳಿಲ್ಲ. ಅಂದು ಮಾತ್ರ ನನಗೆ ಬೇಜಾರಾಯಿತು. ನನ್ನ ತಪಸ್ಸನ್ನು ಅವರು ಇಷ್ಟು ಅಗ್ಗವಾಗಿ ಕಂಡರಲ್ಲ ಎಂದು. ಹಾಸ್ಟೆಲಿಗೆ ನಡೆದು ಬರುವಷ್ಟರಲ್ಲಿ ಫಾದರ್ ಮುಗಾಗ್ಗಾ ಅವರ ಭಕ್ತಿಯ ಬಗ್ಗೆಯೇ ಅನುಮಾನ ಮೂಡಿತ್ತು.

ಗುರುವಾರ ಅಕ್ಕ ಮತ್ತೆ ಫೋನು ಮಾಡಿದಳು. "ಏನಂದ್ರು?"

"ತಿನ್ನು ಅಂದ್ರು."

"ಅಯ್ಯೋ, ದೇವರು ದೊಡ್ಡೋನು! ಎರಡು ರಾತ್ರಿಯಿಂದ ನಿದ್ದೆ ಇಲ್ಲ ನನಗೆ."

ನಾನು ಸುಳ್ಳು ಹೇಳಿರಲಿಲ್ಲ. ಫಾದರ್ ಏನೆಂದರು ಎಂದು ಕೇಳಿದಳು, ಹೇಳಿದೆ. ನಾನೇನು ಮಾಡುತ್ತೇನೆಂದು ಅವಳು ಕೇಳಲಿಲ್ಲ. ಹೀಗೆ ಉತ್ತರ ಕೊಡುವುದನ್ನು ನಮಗೆ ಸಾಕ್ಷ್ಯದ ತರಗತಿಯಲ್ಲಿ ಕಲಿಸಿದ್ದರು, ಎದುರು ಪಕ್ಷದವರೊಡನೆ ಬಳಸಲು.

ಶನಿವಾರ ಅಂಗಳದಲ್ಲಿ ಎರಡು ಶಾಮಿಯಾನಗಳು ಎದುರು ಬದುರು ನಿಂತವು. ಲುಕಾಯಾದಿಂದ ಬಸ್ಸಿನಲ್ಲಿ ಬಂದ ಗಂಡಿನ ಕಡೆಯವರು ಬಿಳಿ ನಿಲುವಂಗಿ, ಮೇಲೆ ಕೋಟು ತೊಟ್ಟು ಒಂದರಲ್ಲಿ, ನಾವು ಇನ್ನೊಂದರಲ್ಲಿ. ಎರಡೂ ಕಡೆಯ ಮಾತುಗಾರರು ಮೂರು ಗಂಟೆ ಹೊತ್ತು ಒಬ್ಬರ ಕಾಲನ್ನೊಬ್ಬರು ಎಳೆದರು. "ದಾರಿ ತಪ್ಪಿ ಬಂದಿರಾ, ಇಲ್ಲಿ ಮದುವೆಯಾಗೋ ಹುಡುಗೀರು ಯಾರೂ ಇಲ್ಲ" ಎಂದ ನಮ್ಮವ. "ಹಾಗಾದ್ರೆ ಈ ಸಕ್ಕರೆ ಮೂಟೆ ವಾಪಸ್ಸು ಲಾರಿಗೆ ಹಾಕ್ತೀವಿ, ನಮ್ಮ ಹುಡುಗನಿಗೆ ಅದೇ ಕೆಲಸ" ಎಂದ ಅವರವ. ಎಲ್ಲರೂ ನಕ್ಕರು. ವಿಯಾನಿ ಎಲ್ಲರಿಗಿಂತ ಜೋರಾಗಿ ನಕ್ಕ. ರೆಸ್ತಿ ಹೊರಬಂದಾಗ ಮಾತ್ರ ಅವನು ನಗಲಿಲ್ಲ, ಬಾಯಿ ತೆರೆದುಕೊಂಡು ನೋಡಿದ. ಅವಳು ಬದನೆಕಾಯಿ ಬಣ್ಣದ ಗೊಮೆಸಿ ಉಟ್ಟಿದ್ದಳು. ಅದರ ಹೊಲಿಗೆಯಂಥ ಹೊಲಿಗೆಯನ್ನು ಅವಳು ಬೇರೆ ಯಾರಿಗೂ ಹಾಕಿರಲಿಲ್ಲ.

ನಾನು ಹುಂಜವನ್ನು ಎರಡೂ ಕೈಯಲ್ಲಿ ಸ್ವೀಕರಿಸಿದೆ. ಕೆಂಪು ಹುಂಜ, ಗಟ್ಟಿ ಕಾಲು. ಹೆಂಗಸರು ಕಿರುಚಿ ಹರ್ಷ ತೋರಿದರು. ಅದನ್ನು ಹಿತ್ತಲಿಗೆ ಒಯ್ದರು.

ಕೆಲವು ಮನೆಗಳಲ್ಲಿ ಅದನ್ನು ಮರುದಿನ ತಿನ್ನುತ್ತಾರೆ. ಅಂಥ ಮನೆಯಾಗಿದ್ದರೆ ನಾನು ಹೇಗಾದರೂ ನುಣುಚಿಕೊಳ್ಳಬಹುದಿತ್ತು. ವಿಯಾನಿಯ ತಾತ ಯೊವಾಕಿಮು ಮಾತ್ರ, ಕಣ್ಣಾರೆ ನೋಡದೆ ಬಸ್ಸು ಹತ್ತುವವರಾಗಿರಲಿಲ್ಲ. ಸಂಜೆ ಐದಕ್ಕೆ, ಬಾಡಿಸಿದ ಬಾಳೆಯೆಲೆಯಲ್ಲಿ ಕಟ್ಟಿ ಬೇಯಿಸಿದ ಪೊಟ್ಟಣವನ್ನು ನನ್ನೆದುರಿನ ಚಾಪೆಯ ಮೇಲಿಟ್ಟರು. ಅದನ್ನು ಬಿಚ್ಚಿದವಳು ನಮ್ಮ ಸ್ಸೆಂಗಾ, ಅಪ್ಪನ ತಂಗಿ, ಅಕ್ಕನ ಮದುವೆಯ ಹೊಣೆ ಹೊತ್ತವಳು. ಹಬೆ ಎದ್ದಿತು. ಶೇಂಗಾ, ಹೊಗೆ, ಕೋಳಿಕೊಬ್ಬು. ಇಪ್ಪತ್ತನಾಲ್ಕು ದಿನ ಬೀನ್ಸ್ ತಿಂದವನ ಮೂಗಿಗೆ ಅದೇನು ಮಾಡಿತೆಂದು ಬರೆಯಲು ಈಗಲೂ ನಾಚಿಕೆ. ಇಷ್ಟು ಆಸೆಯಾಗುತ್ತಿರುವಾಗ ಬಿಟ್ಟರೆ ಅದೆಷ್ಟು ದೊಡ್ಡ ತ್ಯಾಗ ಎಂದು ನನ್ನ ತಲೆ ಲೆಕ್ಕ ಹಾಕಿತು. ಸೋಮವಾರ ಚರ್ಚಿನ ಅಂಗಳದಲ್ಲಿ ಇದನ್ನು ಹೇಗೆ ಹೇಳಬೇಕು, ಯಾರು ಕೇಳುವ ತನಕ ಹೇಳದೆ ಇರಬೇಕು ಎಂಬುದನ್ನೂ ಯೋಚಿಸಿತು. ಎದುರಿಗೆ ವಿಯಾನಿ ಅಂಗೈಗಳನ್ನು ತೊಡೆಗೆ ಉಜ್ಜಿಕೊಳ್ಳುತ್ತಿದ್ದ. ದೊಡ್ಡ ಕೈಗಳು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಅದನ್ನೂ ನೋಡಿದೆ.

"ಕ್ಷಮಿಸಿ," ಎಂದೆ. "ನಾನು ತಪಸ್ಸಿನಲ್ಲಿದ್ದೀನಿ. ಈಸ್ಟರ್ ಆದಮೇಲೆ ತಿಂತೀನಿ."

ಯಾರೋ ನಕ್ಕರು, ಇದೂ ಮಾತುಗಾರರ ತಮಾಷೆಯ ಮುಂದುವರಿಕೆ ಎಂದುಕೊಂಡು. ಆಮೇಲೆ ನಗು ನಿಂತಿತು.

"ಲೇ ವಕೀಲ," ಎಂದು ಸ್ಸೆಂಗಾ ಹಲ್ಲು ಕಚ್ಚಿ ಪಿಸುಗುಟ್ಟಿದಳು, "ಒಂದು ಚೂರು ಬಾಯಿಗೆ ಹಾಕ್ಕೊ. ನುಂಗ್ಬೇಡ ಬೇಕಾದ್ರೆ. ಆಮೇಲೆ ಉಗಿ."

"ಅದು ಮೋಸ ಆಗುತ್ತೆ, ಸ್ಸೆಂಗಾ."

ಯೊವಾಕಿಮು ತಾತ ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡರು. "ನಾನೂ ಕ್ಯಾಥೊಲಿಕ್ಕನೇ ಮಗ. ನಲವತ್ತು ವರ್ಷ ಚರ್ಚಿನ ಗಂಟೆ ಹೊಡೆದಿದ್ದೀನಿ. ಇವತ್ತು ಮಾಂಸ ಬಿಡೋ ಶುಕ್ರವಾರ ಅಲ್ಲ."

"ಗೊತ್ತು ತಾತ. ಇದು ನನಗೂ ದೇವರಿಗೂ ಇರೋ ಮಾತು."

"ಹುಂಜ ನಿನಗೂ ನಮಗೂ ಇರೋ ಮಾತು. ಮನಸ್ಸಿಲ್ಲ ಅಂದ್ರೆ ಹಾಗಂತ ಹೇಳ್ಬಿಡು. ನಾವು ದೂರ ಹೋಗ್ಬೇಕು."

ಮನಸ್ಸಿಲ್ಲದೆ ಏನು, ಇದೆ ತಾತ ಎಂದಿದ್ದರೆ ಸಾಕಿತ್ತು. ಆ ಮಾತು ನಾಲಿಗೆಗೆ ಬರಲಿಲ್ಲ. ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ನೋಡುವವರಿಗೆ ಪ್ರಾರ್ಥನೆಯಂತೆ ಕಂಡಿರಬೇಕು. ತಾತ ಎದ್ದರು. ಅವರ ಹಿಂದೆ ಒಬ್ಬೊಬ್ಬರಾಗಿ ಕೋಟುಗಳೆಲ್ಲ ಎದ್ದವು. ವಿಯಾನಿ ಕೊನೆಯವನು. ನನ್ನ ಮುಂದೆ ಒಂದು ಕ್ಷಣ ನಿಂತು, "ಸರಿ ವಕೀಲರೇ" ಎಂದಷ್ಟೇ ಹೇಳಿ ಬಸ್ಸಿನತ್ತ ನಡೆದ.

ರೆಸ್ತಿ ಒಳಕೋಣೆಯಲ್ಲಿದ್ದಳು. ಹುಂಜ ತಿನ್ನುವಾಗ ಹುಡುಗಿ ಎದುರಿಗಿರುವಂತಿಲ್ಲ. ಬಸ್ಸಿನ ಸದ್ದು ಕೇಳಿ ಬಾಗಿಲಿಗೆ ಬಂದಳು.

"ಇಷ್ಟು ಬೇಗ ಹೊರಟರಾ? ತಿಂದ್ಯಾ?"

ಅವಳು ಚಾಪೆಯ ಮೇಲಿನ ಎಲೆಯನ್ನು ನೋಡಿದಳು.

"ಫಾದರ್ ತಿನ್ನು ಅಂದ್ರು ಅಂದ್ಯಲ್ಲೋ."

"ಅಂದ್ರು."

ಅವಳಿಗೆ ಅದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸೊಂಟದ ಪಟ್ಟಿಯ ಗಂಟು ಬಿಚ್ಚತೊಡಗಿದಳು, ಅಲ್ಲೇ, ಎಲ್ಲರ ಎದುರಿಗೆ. "ನಾಲ್ಕು ಸಲ ಅಗಿಯೋದು, ಪೊನ್ಸಿ," ಎಂದಳು. "ನಾಲ್ಕೇ ಸಲ."

ಅಳಲಿಲ್ಲ. ಬೈದಿದ್ದರೆ ಅದನ್ನೂ ದೇವರಿಗಾಗಿ ಸಹಿಸಿದೆನೆಂದು ಸೇರಿಸಿಕೊಳ್ಳುತ್ತಿದ್ದೆನೋ ಏನೋ. ಅವಳು ಅದಕ್ಕೂ ಅವಕಾಶ ಕೊಡಲಿಲ್ಲ.

ಹಾಸ್ಟೆಲಿಗೆ ಬಂದವನು ಯಾರಿಗೂ ಏನೂ ಹೇಳಲಿಲ್ಲ. ಸ್ವಾಯಿಬು, "ಹುಂಜ ಹೇಗಿತ್ತೋ?" ಎಂದ. "ಚೆನ್ನಾಗಿತ್ತು" ಎಂದೆ. ಆ ತಪಸ್ಸುಕಾಲದಲ್ಲಿ ನಾನು ಗುಟ್ಟಾಗಿ ಇಟ್ಟ ಮೊದಲ ಸಂಗತಿ ಅದು. ಕ್ಯಾಂಟೀನಿನ ಹೆಂಗಸಿಗೆ ಹೇಳುವುದನ್ನು ನಿಲ್ಲಿಸಿದೆ. ಬೀನ್ಸ್ ಮಾತ್ರ ನಿಲ್ಲಿಸಲಾಗಲಿಲ್ಲ. ನಿಲ್ಲಿಸಿದರೆ ಅಂದು ಮಾಡಿದ್ದೂ ಏತಕ್ಕೂ ಅಲ್ಲ ಎಂದಾಗುತ್ತಿತ್ತು. ಅಕ್ಕ ನನ್ನ ಫೋನು ಎತ್ತಲಿಲ್ಲ. ಸ್ಸೆಂಗಾ ಒಂದೇ ಸಲ ಎತ್ತಿ, "ಲುಕಾಯಾದವರು ಸುದ್ದಿ ಕಳಿಸಿಲ್ಲ. ನೀನು ಪ್ರಾರ್ಥನೆ ಮಾಡು, ನಿನಗೆ ಅದು ಚೆನ್ನಾಗಿ ಬರುತ್ತಲ್ಲ" ಎಂದು ಇಟ್ಟಳು.

ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಮರುದಿನ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಫಾದರ್ ಮುಗಾಗ್ಗಾ ಅವರ ಉಸಿರು ಕೇಳುತ್ತಿತ್ತು. ಇಲ್ಲದ ಸಣ್ಣಪುಟ್ಟ ಪಾಪಗಳನ್ನೆಲ್ಲ ಮೊದಲು ಹೇಳಿ, ಕೊನೆಗೆ ಹುಂಜಕ್ಕೆ ಬಂದೆ.

"ತಿನ್ನು ಅಂತ ಹೇಳಿದ್ದೆನಲ್ಲ?"

"ಹೇಳಿದ್ರಿ."

"ಆ ಹುಡುಗ ನಿನಗೆ ಇಷ್ಟ ಇರಲಿಲ್ವಾ?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ, ಕೇಳಿಕೊಳ್ಳದಿರಲು ಸಾಕಷ್ಟು ಕಷ್ಟಪಟ್ಟಿದ್ದೆ. "ಲಾರಿ ಓಡಿಸ್ತಾನೆ ಫಾದರ್," ಎಂದೆ. ನನ್ನ ಬಾಯಿಂದ ಹೊರಬಿದ್ದ ಆ ಮೂರು ಪದ ಮರದ ಗೂಡಿನೊಳಗೆ ಎಷ್ಟು ಹೊಲಸಾಗಿ ಕೇಳಿಸಿತೆಂದರೆ, ಎದ್ದು ಓಡಿಹೋಗಬೇಕೆನಿಸಿತು.

"ಹಾಗಾದ್ರೆ ದೇವರನ್ನ ಯಾಕೋ ಮಧ್ಯ ತಂದೆ?" ಎಂದರು ಫಾದರ್, ಬಳಲಿದ ದನಿಯಲ್ಲಿ. "ಪ್ರಾಯಶ್ಚಿತ್ತ ಕೇಳು. ಒಂದು ಹುಂಜ ತಗೊಂಡು ಆ ಮುದುಕರ ಮನೆಗೆ ಹೋಗು. ತಪ್ಪಾಯ್ತು ಅನ್ನು. ಅವರು ಕೊಟ್ಟದ್ದನ್ನ ತಿನ್ನು."

"ಈಸ್ಟರ್ ಆದಮೇಲೆ..."

"ನಾಳೆ."

ಮಂಗಳವಾರ ಕಂಪಾಲಾದ ವಂಡೆಗೆಯಾ ಮಾರುಕಟ್ಟೆಯಲ್ಲಿ, ಇದ್ದುದರಲ್ಲಿ ದೊಡ್ಡ ಹುಂಜವನ್ನೇ ಕೊಂಡು ಲುಕಾಯಾ ಮೇಲೆ ಹಾದುಹೋಗುವ ಮಸಾಕಾ ದಾರಿಯ ವ್ಯಾನು ಹತ್ತಿದೆ. "ಇದಕ್ಕೂ ಸೀಟು ಬೇಕಾ ಸ್ವಾಮಿ, ಅಥವಾ ತೊಡೆ ಮೇಲೆ ಕೂತ್ಕೊಳ್ಳುತ್ತಾ?" ಎಂದ ಕಂಡಕ್ಟರ್. ಹಿಂದಿನ ಸೀಟಿನ ಹೆಂಗಸೊಬ್ಬಳು, "ಪವಿತ್ರ ವಾರದಲ್ಲಿ ಹುಂಜ ಹೊತ್ಕೊಂಡು ಹೊರಟಿದ್ದಾನೆ ನೋಡು, ದೇವರ ಭಯ ಇಲ್ಲ ಹುಡುಗರಿಗೆ" ಎಂದಳು. ಮೊದಲಾಗಿದ್ದರೆ ಉತ್ತರಿಸುತ್ತಿದ್ದೆ.

ಯೊವಾಕಿಮು ತಾತ ಹಲಸಿನ ಮರದ ಕೆಳಗೆ ಕೂತು ರೇಡಿಯೋ ರಿಪೇರಿ ಮಾಡುತ್ತಿದ್ದರು. ನಾನು ಮಣ್ಣಿನಲ್ಲಿ ಮಂಡಿಯೂರಿದೆ. ಅವರು ನಿಧಾನವಾಗಿ, ಒಂದೂ ಬಿಡದೆ, ಕ್ಷೇಮಸಮಾಚಾರವೆಲ್ಲ ಕೇಳಿದರು: ರಾತ್ರಿ ಚೆನ್ನಾಗಿ ಕಳೆಯಿತೇ, ಮನೆಯವರು ಹೇಗಿದ್ದಾರೆ, ಓದು ಹೇಗಿದೆ. ಆಮೇಲೆ ಹುಂಜವನ್ನು ನೋಡಿದರು.

"ತಪ್ಪಾಯ್ತು ತಾತ. ಇದನ್ನ ನಿಮ್ಮ ಕೈಯಾರೆ ನನಗೆ ಕೊಡಿ. ಇಲ್ಲೇ ತಿಂತೀನಿ. ಎಲ್ಲರ ಮುಂದೆ ತಿಂತೀನಿ."

"ಕೂತ್ಕೊ ಮಗ." ಸ್ಕ್ರೂಗಳನ್ನು ಡಬ್ಬದ ಮುಚ್ಚಳಕ್ಕೆ ಹಾಕಿದರು. "ಅದು ನಾವು ತರಬೇಕಾದ ಹುಂಜ. ನೀನೇ ತಂದು ನೀನೇ ತಿಂದ್ರೆ ಅದು ಊಟ ಅಷ್ಟೇ."

"ಹಾಗಾದ್ರೆ ಇನ್ನೊಂದು ಸಲ ತನ್ನಿ. ಯಾವ ದಿನ ಆದ್ರೂ ಸರಿ. ಶುಭ ಶುಕ್ರವಾರ ಆದ್ರೂ ತಿಂತೀನಿ."

ಅವರಿಗೆ ನಗು ಬಂತು, ತಡೆದುಕೊಂಡರು. "ನಾನು ಅವತ್ತೇ ಬಸ್ಸಿನಲ್ಲಿ ಹೇಳ್ದೆ. ಓದೋ ಹುಡುಗ, ತಲೇಲಿ ಏನೋ ತುಂಬ್ಕೊಂಡಿದ್ದಾನೆ, ಈಸ್ಟರ್ ಕಳೀಲಿ, ಮತ್ತೆ ಹೋಗೋಣ ಅಂತ. ವಿಯಾನಿನೇ ಬೇಡ ಅಂದ."

"ವಿಯಾನಿನಾ?"

"ಕ್ರಿಸ್‌ಮಸ್ಸಿನಲ್ಲಿ ಅವನು ಏನೋ ಕೇಳಿದ್ನಂತೆ, ನೀನು ನಕ್ಕಿದ್ಯಂತೆ. ಅದೇನು ಅಂತ ಹೇಳಲಿಲ್ಲ. ಜೀವಮಾನವೆಲ್ಲ ಆ ನಗು ಎದುರಿಗೆ ಕೂತು ಊಟ ಮಾಡಕ್ಕಾಗಲ್ಲ ತಾತ ಅಂದ. ಎರಡು ದಿನ ಊಟ ಬಿಟ್ಟ. ಆಮೇಲೆ ಲಾರಿ ಹತ್ತಿ ಜೂಬಾಗೆ ಹೋದ."

"ಅಕ್ಕನ ತಪ್ಪೇನೂ ಇಲ್ಲ ತಾತ," ಎಂದೆ.

"ಅದು ಎಲ್ಲರಿಗೂ ಗೊತ್ತು," ಎಂದರು. "ಅವಳಿಗೂ ಗೊತ್ತು. ಅದ್ರಿಂದ ಏನು ಉಪಯೋಗ ಹೇಳು."

ತಾತನ ಹೆಂಡತಿ, ಅಜ್ಜಿ, ಬಂದು ಹುಂಜವನ್ನು ನನ್ನ ಕೈಯಿಂದ ತೆಗೆದುಕೊಂಡರು. ಮನೆಗೆ ಬಂದವನನ್ನು ಬರಿ ಹೊಟ್ಟೆಯಲ್ಲಿ ಕಳಿಸುವ ಮಾತೇ ಇರಲಿಲ್ಲ. ಮಧ್ಯಾಹ್ನಕ್ಕೆ ಬೇಯಿಸಿ ಹಿಸುಕಿದ ಬಾಳೆಕಾಯಿಯ ಮಟೋಕೆಯ ಜೊತೆ ಅದೇ ಹುಂಜವನ್ನು ಬಡಿಸಿದರು, ದೊಡ್ಡ ತುಂಡುಗಳನ್ನು ಆರಿಸಿ ನನ್ನ ತಟ್ಟೆಗೆ. ಪ್ರಾಯಶ್ಚಿತ್ತವೆಂದು ಬಾಯಿಗಿಟ್ಟೆ. ರುಚಿಯಾಗಿತ್ತು. "ಇನ್ನೊಂದು ಹಾಕ್ಕೊ, ಬಡಕಲಾಗಿದ್ದೀಯ" ಎಂದರು ಅಜ್ಜಿ. ಹಾಕಿಸಿಕೊಂಡೆ.

ಸಂಜೆಯ ವ್ಯಾನಿನಲ್ಲಿ ಎಂಪಿಗಿಯಲ್ಲಿ ಇಳಿದು ಅಂಗಡಿಗೆ ಹೋದೆ. ರೆಸ್ತಿ ಯಾರದೋ ಹಸಿರು ಗೊಮೆಸಿಯ ತೋಳು ಹೊಲಿಯುತ್ತಿದ್ದಳು. ಲುಕಾಯಾಗೆ ಹೋಗಿದ್ದೆ, ತಿಂದೆ, ತಪ್ಪೊಪ್ಪಿಕೊಂಡೆ ಎಂದೆಲ್ಲ ಹೇಳಿದೆ. ಯಂತ್ರ ನಿಲ್ಲಿಸಿ ಕೇಳಿದಳು.

"ಈಗ ನಿನ್ನ ಮನಸ್ಸು ಹಗುರ ಆಯ್ತಾ?" ಎಂದಳು. ಅದರಲ್ಲಿ ಚುಚ್ಚುವ ಧಾಟಿ ಇರಲಿಲ್ಲ, ತಿಳಿಯಲೆಂದೇ ಕೇಳಿದಳು.

"ಇಲ್ಲ ಅಕ್ಕ."

"ಹೂಂ," ಎಂದು ಮತ್ತೆ ಪೆಡಲ್ ತುಳಿದಳು.

ಗಂಡಿನ ಕಡೆಯವರು ತಂದಿದ್ದ ಬುಟ್ಟಿ, ಬಟ್ಟೆ, ಸಕ್ಕರೆ ಎಲ್ಲವನ್ನೂ ಜೂನ್ ತಿಂಗಳಲ್ಲಿ ಸ್ಸೆಂಗಾ ಲುಕಾಯಾಗೆ ಹಿಂದಿರುಗಿಸಿ ಬಂದಳು. ಡಿಸೆಂಬರಿನಲ್ಲಿ ವಿಯಾನಿ ಕಟೆಂಡೆ ಮಸಾಕಾದ ಹುಡುಗಿಯೊಬ್ಬಳನ್ನು ಮದುವೆಯಾದ.